ನಿಮ್ಮ ಟೈಮು, ನನ್ನ ಟೈಮು

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಮದ್ರಾಸಿನ ಕೀಲ್ಪಾಕಿನಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದ ಮೇಲೆ ನನಗೆ ಸಿಕ್ಕಿದ ಲೆಡ್ಜರ್ ಎಂದರೆ ಹತ್ತನೇ ಕ್ಲಾಸಿನ ಮೊಮ್ಮಗಳ ದಿನಚರಿ. ಬೆಳಗಿನ ಜಾವ ನಾಲ್ಕೂವರೆಯಿಂದ ರಾತ್ರಿ ಹತ್ತರವರೆಗೆ ಅರ್ಧರ್ಧ ಗಂಟೆಗೆ ಗೆರೆ ಎಳೆದು, ಟೈಮ್ ಟೇಬಲ್ ಬರೆದು, ಗೋಡೆಗೆ ಅಂಟಿಸಿದೆ. ಓದಿ ಮುಗಿಸಿದ್ದಕ್ಕೆಲ್ಲ ಟಿಕ್ ಹಾಕಬೇಕು ಎಂದು ಹೇಳಿದೆ.

ಮೂರು ವಾರ ಎಲ್ಲ ಮನೆಗೂ ಟಿಕ್ ಬಿತ್ತು. ನಾನು ಹಿಗ್ಗಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದದ್ದು ಮೂವತ್ತೆಂಟು. ಪುಸ್ತಕದಲ್ಲಿ ಎಂಟ್ರಿ ಇದೆ, ಪೆಟ್ಟಿಗೆಯಲ್ಲಿ ನಗದಿಲ್ಲ! ಟಿಕ್ಕುಗಳೆಲ್ಲ ಸುಳ್ಳು ಎಂದು ಗೊತ್ತಾಗಿ ಜೋರು ಮಾಡಿದೆ. ಅವಳು ಅಳಲಿಲ್ಲ. "ತಾತ, ಅದು ನಿಮ್ಮ ಟೈಮು, ನನ್ನದಲ್ಲ" ಅಂದಳು. ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಿಲ್ಲ.

ನಿಮ್ಮ ಟೈಮು, ನನ್ನ ಟೈಮು ಎಂಬ ಈ ಜಗಳ ಈ ಊರಿಗೆ ಹೊಸದೇನಲ್ಲ. ನಮ್ಮ ಮನೆಗೆ ಹತ್ತಿರದಲ್ಲೇ ಇರುವ ನುಂಗಂಬಾಕ್ಕಂನಲ್ಲಿ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಒಂದು ಖಗೋಳ ವೀಕ್ಷಣಾಲಯ ಕಟ್ಟಿಸಿತು. ನಕ್ಷತ್ರಗಳನ್ನು ನೋಡಿ ಗಡಿಯಾರ ಸರಿಮಾಡುವುದು ಅಲ್ಲಿನ ಕೆಲಸಗಳಲ್ಲೊಂದು. ಆ ಕಾಲದಲ್ಲಿ ಊರೂರಿಗೂ ಅದರದೇ ಹೊತ್ತು. ನೆತ್ತಿಯ ಮೇಲೆ ಸೂರ್ಯ ಬಂದರೆ ಆ ಊರಿಗೆ ಮಧ್ಯಾಹ್ನ. ಎತ್ತಿನ ಗಾಡಿಗೆ ಅಷ್ಟು ಸಾಕಿತ್ತು. ರೈಲು ಬಂದ ಮೇಲೆ ಸಾಲಲಿಲ್ಲ. ಬೊಂಬಾಯಿಯ ಹೊತ್ತಿಗೂ ಕಲ್ಕತ್ತೆಯ ಹೊತ್ತಿಗೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ. ಮದ್ರಾಸು ಹೆಚ್ಚುಕಮ್ಮಿ ನಡುವೆ. ಹಾಗಾಗಿ 1870ರ ಸುಮಾರಿನಿಂದ ದೇಶದ ರೈಲುಗಳು ಮದ್ರಾಸ್ ಸಮಯಕ್ಕೆ ಓಡಿದವು. ಇಲ್ಲಿಂದ ತಂತಿಯ ಮೂಲಕ ಸಮಯದ ಸಂಕೇತ ಹೋಗುತ್ತಿತ್ತು.

1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಬಂತು. ಮದ್ರಾಸಿನ ಮುಳ್ಳು ಸುಮಾರು ಒಂಬತ್ತು ನಿಮಿಷ ಮುಂದಕ್ಕೆ ಹೋಯಿತು. ಅಷ್ಟಕ್ಕೇ ಎಲ್ಲರೂ ಒಪ್ಪಿದರು ಅಂದುಕೊಳ್ಳಬೇಡಿ. ಕಲ್ಕತ್ತೆ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ಸ್ವಂತ ಹೊತ್ತನ್ನು ಬಿಟ್ಟುಕೊಡಲಿಲ್ಲ. ಸರ್ಕಾರದ ಆಜ್ಞೆಗೇ ಇಷ್ಟು ವರ್ಷ ಹಿಡಿಯಿತು. ನಾನೋ, ಹದಿನೈದು ವರ್ಷದ ಹುಡುಗಿ ಒಂದೇ ರಾತ್ರಿಯಲ್ಲಿ ಮುಳ್ಳು ತಿರುಗಿಸಿಕೊಳ್ಳಬೇಕು ಎಂದು ಕೂತಿದ್ದೆ.

ನನ್ನ ಹೈಸ್ಕೂಲು ನೆನಪಾಯಿತು. ಅರಸೀಕೆರೆ ಹತ್ತಿರದ ಹಳ್ಳಿ, ಎಪ್ಪತ್ತರ ದಶಕ. ಮನೆಯಲ್ಲಿ ಗಡಿಯಾರವಿರಲಿಲ್ಲ. ಬೆಳಗಿನ ಗಾಡಿ ಕೂಗಿದರೆ ಅವ್ವ ಎಬ್ಬಿಸುತ್ತಿದ್ದಳು, ಸಂಜೆಯ ಗಾಡಿ ಹೋದರೆ ಲಾಟೀನು ಹಚ್ಚುತ್ತಿದ್ದಳು. ಎರಡರ ನಡುವೆ ತೋಟಕ್ಕೆ ನೀರು ಹಾಯಿಸುವುದು, ಸ್ಕೂಲಿಗೆ ನಡೆಯುವುದು, ಓದುವುದು ಎಲ್ಲವನ್ನೂ ನಾನೇ ಹೊಂದಿಸಿಕೊಳ್ಳಬೇಕಿತ್ತು. ಯಾರೂ ಟಿಕ್ ಕೇಳಲಿಲ್ಲ. ನಮ್ಮಜ್ಜ ಮಾತ್ರ "ಒಂದು ಗಳಿಗೆ ಕೂತು ಓದೋ" ಅನ್ನುತ್ತಿದ್ದರು. ಗಳಿಗೆ ಎಂದರೆ ದಿನದ ಅರವತ್ತರಲ್ಲೊಂದು ಪಾಲು, ಇಪ್ಪತ್ತನಾಲ್ಕು ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಹಿಂದಿನವರು ಗಳಿಗೆ ಎಂದು ಎಣಿಸುತ್ತಿದ್ದರು.

ಐದನೆಯ ದಿನ ಮೊಮ್ಮಗಳನ್ನು ಸಮಾಧಾನ ಮಾಡಿ ನುಂಗಂಬಾಕ್ಕಂಗೆ ಕರೆದುಕೊಂಡು ಹೋದೆ. ವೀಕ್ಷಣಾಲಯದ ಕೆಲಸ 1899ರಲ್ಲೇ ಕೊಡೈಕನಾಲಿಗೆ ಹೋಯಿತು. ಆ ಜಾಗದಲ್ಲಿ ಈಗ ಹವಾಮಾನ ಕಚೇರಿಯಿದೆ. ಅನುಮತಿ ಕೇಳಿ ಒಳಗೆ ಹೋದೆವು. ದೂರದರ್ಶಕವನ್ನು ಹೊತ್ತಿದ್ದ ಕಲ್ಲಿನ ಕಂಬ ಇನ್ನೂ ನಿಂತಿದೆ. ಅದರ ಮೇಲಿನ ಬರಹಗಳಲ್ಲಿ ತಮಿಳಿದೆ, ತೆಲುಗಿದೆ, ಕನ್ನಡವಿಲ್ಲ. ನನ್ನ ಮುಖ ನೋಡಿ ಅವಳಿಗೆ ನಗು ಬಂತು. ಆದರೆ ಅಲ್ಲೇ ಸಣ್ಣ ನೌಕರಿಯಿಂದ ಮೇಲೆ ಬಂದು, 1867ರಲ್ಲಿ ಒಂದು ಹೊಸ ಚಂಚಲ ತಾರೆಯನ್ನು ಗುರುತಿಸಿದ ಚಿಂತಾಮಣಿ ರಘುನಾಥಾಚಾರ್ಯರು, 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ತಿಳಿಸಲು ಬರೆದ ಪುಸ್ತಿಕೆಯನ್ನು ಕನ್ನಡದಲ್ಲೂ ತಂದಿದ್ದರು. ಅದನ್ನು ಹೇಳಿದ ಮೇಲೆ ನನಗೂ ಸಮಾಧಾನ.

ವಾಪಸ್ ಬರುವಾಗ ಅವಳು ಫೋನಿನಲ್ಲಿ ಒಂದು ಲೆಕ್ಕ ಮಾಡಿದಳು. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ. ಪ್ರಮಾಣ ಸಮಯದ ರೇಖೆ ಎಂಬತ್ತೆರಡೂವರೆ ಡಿಗ್ರಿ, ಅರಸೀಕೆರೆ ಸುಮಾರು ಎಪ್ಪತ್ತಾರೂಕಾಲು. "ತಾತ, ನಿಮ್ಮೂರಿನ ಸೂರ್ಯ ಗಡಿಯಾರಕ್ಕಿಂತ ಇಪ್ಪತ್ತೈದು ನಿಮಿಷ ಲೇಟು!" ಆಮೇಲೆ ತಾನೇ ಹೇಳಿದಳು, ಅವಳು ಓದಬೇಕೆಂದುಕೊಂಡಿದ್ದೂ ಇಪ್ಪತ್ತೈದು ನಿಮಿಷದ ಕಂತಿನಲ್ಲಂತೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ, ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಮಾಡಿಕೊಂಡ ಪದ್ಧತಿ. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು. ನಮ್ಮಜ್ಜನ ಗಳಿಗೆಗೆ ಒಂದೇ ನಿಮಿಷ ಹೆಚ್ಚು!

ಮನೆಗೆ ಬಂದು ಗೋಡೆಯ ಹಾಳೆ ಕಿತ್ತೆ. ಸ್ಕೂಲಿನ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು, ಇಷ್ಟು ಮಾತ್ರ ಎಲ್ಲರಿಗೂ ಸೇರಿದ ರೈಲಿನ ಟೈಮು ಎಂದು ಒಪ್ಪಂದ ಮಾಡಿಕೊಂಡೆವು. ಉಳಿದದ್ದು ಅವಳದು. ಅವಳು ನಾಲ್ಕೂವರೆಗೆ ಏಳುವುದಿಲ್ಲ. ಸಂಜೆ ನಾಲ್ಕು ಕಂತು ಗಣಿತ ಮಾಡುತ್ತಾಳೆ, ಕೆಲವು ದಿನ ಎರಡೇ. ಆದರೆ ಎರಡಾದರೆ ಎರಡೇ ಎಂದು ಬರೆಯುತ್ತಾಳೆ. ಮುಂದಿನ ಪರೀಕ್ಷೆಯಲ್ಲಿ ಐವತ್ತೊಂಬತ್ತು ಬಂತು. ದೊಡ್ಡ ಅಂಕವೇನಲ್ಲ. ಆದರೆ ಲೆಡ್ಜರೂ ನಗದೂ ಮೊದಲ ಸಲ ತಾಳೆಯಾದವು.