ಕಳೆದ ಡೆಸಿಬೆಲ್‌ಗಳ ಲೆಕ್ಕ

ಮಿಲಿಮೀಟರ್ ಉದ್ದದ ರೇಡಿಯೊ ತರಂಗಗಳ ಅಧ್ಯಯನವನ್ನು ಭಾರತದಲ್ಲಿ ಆರಂಭಿಸಿದವರು ಜಗದೀಶಚಂದ್ರ ಬೋಸ್. 1890ರ ದಶಕದ ಕಲ್ಕತ್ತದಲ್ಲಿ ಅವರು 60 ಗಿಗಾಹರ್ಟ್ಜ್‌ವರೆಗಿನ ತರಂಗಗಳನ್ನು ಉತ್ಪಾದಿಸಿದರು. ಸೀಸದ ಅದಿರಾದ ಗೆಲೀನಾ ಹರಳಿನಿಂದ ತರಂಗವನ್ನು ಗುರುತಿಸುವ ಸಾಧನಕ್ಕೆ 1904ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ತರಂಗ ಇದೆಯೆಂದು ಹರಳು ತಿಳಿಸುತ್ತಿತ್ತು. ಎಷ್ಟಿದೆ ಎಂದು ನಿಖರವಾಗಿ ಅಳೆಯುವುದು ಮುಂದಿನ ತಲೆಮಾರುಗಳ ಪಾಲಿಗೆ ಉಳಿಯಿತು.

1970ರಲ್ಲಿ ವಿಶಾಖಪಟ್ಟಣದಲ್ಲಿ ಸ್ಥಾಪನೆಯಾದ, ದೇಶದ ಮೊದಲ ಚಂಡಮಾರುತ ಪತ್ತೆ ರೇಡಾರಿನ ತರಂಗಾಂತರ ಸುಮಾರು 10 ಸೆಂಟಿಮೀಟರ್ ಆಗಿದ್ದುದರಿಂದ, ಅದರ ಆವರ್ತನ ಅಂದಿನ ಅಳತೆಯ ಉಪಕರಣಗಳಿಗೆ ನೇರವಾಗಿ ನಿಲುಕುವಂತಿತ್ತು. ನೂರು ಗಿಗಾಹರ್ಟ್ಜ್‌ನ ಸಂಕೇತ ಹಾಗೆ ನಿಲುಕುವುದಿಲ್ಲ. ಆದ್ದರಿಂದ, ಸಂಕೇತದ ಶಕ್ತಿಯನ್ನು ಆವರ್ತನವಾರು ಬಿಡಿಸಿ ತೋರಿಸುವ ಸಿಗ್ನಲ್ ಅನಲೈಸರಿನ ಹೊರಗೆ ಡಯೋಡ್ ಇರುವ ಚಿಕ್ಕ ಮಿಕ್ಸರನ್ನು ಜೋಡಿಸಿ, ಅನಲೈಸರಿನದೇ ಲೋಕಲ್ ಆಸಿಲೇಟರಿನ ಆವರ್ತನದ ಹಲವು ಪಟ್ಟಿನ ರೂಪವಾದ ಹಾರ್ಮೋನಿಕ್‌ನೊಡನೆ ಬೆರೆಸಿ, ಸಂಕೇತವನ್ನು ಕೆಲವು ನೂರು ಮೆಗಾಹರ್ಟ್ಜ್‌ಗೆ ಇಳಿಸುವ ಪದ್ಧತಿ ಬೆಳೆಯಿತು. ಹೀಗೆ ಇಳಿಸುವಾಗ ವ್ಯಯವಾಗುವ ಪಾಲೇ ಪರಿವರ್ತನಾ ನಷ್ಟ. ಬಳಸುವ ಹಾರ್ಮೋನಿಕ್ ಮೇಲೇರಿದಷ್ಟೂ ನಷ್ಟ ಹೆಚ್ಚುತ್ತದೆ; 75–110 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಅದು 40 ಡೆಸಿಬೆಲ್ ಆಗುವುದೂ ಉಂಟು, ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಹೊರಬರುತ್ತದೆ.

ಸೇರಿಗೆ ತೂತಿದ್ದರೂ ಎಷ್ಟು ಸೋರುತ್ತದೆಂದು ಗೊತ್ತಿದ್ದರೆ ಅಳತೆ ನಡೆಯುತ್ತದೆ. ಹ್ಯೂಲೆಟ್-ಪ್ಯಾಕರ್ಡ್‌ನ 11970 ಸರಣಿಯ ಮಿಕ್ಸರುಗಳೊಡನೆ ಪ್ರತಿ ಆವರ್ತನದ ನಷ್ಟವನ್ನು ದಾಖಲಿಸಿದ ಪಟ್ಟಿ ಬರುತ್ತಿತ್ತು. ಪರದೆಯ ಅಂಕಿಗೆ ಆ ಡೆಸಿಬೆಲ್‌ಗಳನ್ನು ಕೂಡಿಸಬೇಕಿತ್ತು. ಆದರೆ ಆ ಪಟ್ಟಿ ಸತ್ಯವಾಗುವುದು, ಆಸಿಲೇಟರಿನ ನಿಗದಿತ ಶಕ್ತಿ ಮಿಕ್ಸರನ್ನು ತಲುಪಿದಾಗ ಮಾತ್ರ: ಉದ್ದದ ಕೇಬಲ್ ಆ ಶಕ್ತಿಯನ್ನು ಕುಗ್ಗಿಸಿದರೆ ಡಯೋಡಿನ ನಷ್ಟವೇ ಏರುತ್ತದೆ, ಹಿಂದಿರುಗುವ 321.4 ಮೆಗಾಹರ್ಟ್ಜ್ ಸಂಕೇತವೂ ದಾರಿಯಲ್ಲಿ ಮತ್ತಷ್ಟು ಸವೆಯುತ್ತದೆ. ಪಟ್ಟಿಯನ್ನು ನಂಬಿ ಕೇಬಲ್ಲನ್ನು ಮರೆಯುವುದು ಈ ಕೆಲಸದ ಹಳೆಯ ತಪ್ಪು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ನಿರ್ಮಾಣವಾದ 10.4 ಮೀಟರ್ ವ್ಯಾಸದ ಮಿಲಿಮೀಟರ್ ತರಂಗ ದೂರದರ್ಶಕದ ಗುರಿಗಳಲ್ಲಿ 86 ಗಿಗಾಹರ್ಟ್ಜ್ ಬಳಿಯ ಸಿಲಿಕಾನ್ ಮೊನಾಕ್ಸೈಡಿನ ರೇಖೆಯೂ ಒಂದಾಗಿತ್ತು. ಇಂಥ ದೂರದರ್ಶಕಗಳಲ್ಲಿಯೂ ಮಿಕ್ಸರ್ ಇದೆ, ನಷ್ಟವೂ ಇದೆ; ಪಟ್ಟಿ ಮಾತ್ರ ಇಲ್ಲ. ಸಂಶೋಧಕರಾದ ಪೆನ್ಜಿಯಾಸ್ ಮತ್ತು ಬರಸ್ 1973ರಲ್ಲಿ ವಿವರಿಸಿದ ವಿಧಾನದಂತೆ, ಗ್ರಾಹಕದ ಮುಂದೆ ಸುತ್ತಲಿನ ಗಾಳಿಯಷ್ಟೇ ಬೆಚ್ಚಗಿರುವ ಹೀರುಕವೊಂದನ್ನು ಒಮ್ಮೆ ಅಡ್ಡ ತಂದು, ಮತ್ತೊಮ್ಮೆ ಸರಿಸಿ ಆಕಾಶಕ್ಕೆ ತೆರೆದು, ಎರಡರ ಅಂತರವನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ರೇಖೆಯ ಸಂಕೇತವೂ ಈ ಅಂತರವೂ ಅದೇ ಮಿಕ್ಸರಿನಲ್ಲಿ ಅಷ್ಟೇ ಕಳೆದುಕೊಳ್ಳುವುದರಿಂದ ನಷ್ಟದ ಅಂಕಿ ಭಾಗಾಕಾರದಲ್ಲಿ ಅಳಿದುಹೋಗುತ್ತದೆ. ಗಾಳಿಯು ಹೀರಿದ ಪಾಲೂ ಬಹುಮಟ್ಟಿಗೆ ಅದರೊಡನೆ ತೀರುತ್ತದೆ. ಬಲ್ಲವರ ಕಣ್ಣಿಗೆ ಎರಡನೆಯ ದಾರಿಯೇ ಚೊಕ್ಕ. ಆದರೆ ಕಾರ್ಯಾಗಾರದ ಮೇಜಿನ ಮೇಲೆ ತೆರೆಯಲು ಆಕಾಶವಿರುವುದಿಲ್ಲ.

ಇಂದಿನ ಯುಎಸ್‌ಬಿ ಮಿಕ್ಸರುಗಳು ತಮ್ಮ ನಷ್ಟದ ಪಟ್ಟಿಯನ್ನು ಸ್ವಂತ ಸ್ಮೃತಿಯಲ್ಲಿ ಹೊತ್ತು, ಅನಲೈಸರಿಗೆ ತಾವೇ ಒಪ್ಪಿಸುತ್ತವೆ. ಅವುಗಳ ಮುಂದೆ ಜೋಡಿಸಿದ ಹಾರ್ನ್ ಆಂಟೆನಾ ಮತ್ತು ವೇವ್‌ಗೈಡ್ ತುಂಡಿನ ಲೆಕ್ಕವನ್ನು ಈಗಲೂ ಕೈಯಾರೆ ಸೇರಿಸಬೇಕು.