ಒಂದು ಹಿಡಿ ಮಣ್ಣು, ಐದು ಹಬ್ಬ

ಶಾಲೆಯ ಮೆಟ್ಟಿಲು ಹತ್ತದ ಚಿಕ್ಕ ಮಕ್ಕಳನ್ನು ಮಳೆಗಾಲದಲ್ಲಿ ಮನೆಯೊಳಗೆ ಹೇಗೆ ತೊಡಗಿಸಿಡಬೇಕು? ಇಂದಿನ ಅನೇಕ ತಾಯಂದಿರನ್ನು ಕಾಡುವ ಪ್ರಶ್ನೆ ಇದು. ಟಿ.ವಿ. ಹಚ್ಚುವುದು, ಕೈಗೆ ಮೊಬೈಲ್ ಕೊಡುವುದು ಸುಲಭದ ಉತ್ತರ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಹಿಂದಿನಿಂದಲೂ ಬೇರೊಂದು ಉತ್ತರವಿತ್ತು. ಅದನ್ನು ಯಾರೂ ಕುಳಿತು ಯೋಜಿಸಿರಲಿಲ್ಲ. ಪಂಚಾಂಗವೇ ಮಕ್ಕಳ ವೇಳಾಪಟ್ಟಿಯಾಗಿತ್ತು. ಒಂದು ಹಿಡಿ ಮಣ್ಣೇ ಸಾಮಗ್ರಿಯಾಗಿತ್ತು.

ಉತ್ತರ ಕರ್ನಾಟಕದ ಜನಪದರು ವರ್ಷಕ್ಕೆ ಐದು ಮಣ್ಣಿನ ಪೂಜೆಗಳನ್ನು ಎಣಿಸುತ್ತಾರೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ. ಐದೂ ಬರುವುದು ಜ್ಯೇಷ್ಠದ ಅಮಾವಾಸ್ಯೆಯಿಂದ ಭಾದ್ರಪದದ ಹುಣ್ಣಿಮೆಯವರೆಗಿನ ಸುಮಾರು ಎರಡೂವರೆ ತಿಂಗಳಲ್ಲಿ. ಇದು ಮುಂಗಾರಿನ ಕಾಲ. ಬಿತ್ತನೆ, ಎಡೆ ಹೊಡೆಯುವುದು, ಕಳೆ ತೆಗೆಯುವುದು ಎಂದು ಮನೆಯ ದೊಡ್ಡವರೆಲ್ಲ ಹೊಲದಲ್ಲಿರುವ ದಿನಗಳು. ನೆಲ ನೆನೆದಿರುತ್ತದೆ, ಜಿಗುಟು ಮಣ್ಣು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಗುವಿನ ಕೈಗೆ ಕೆಲಸ ಬೇಕಾದ ಹೊತ್ತಿಗೇ ಮಣ್ಣೂ ಹದವಾಗಿರುತ್ತದೆ.

ಮೊದಲು ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಹದಿನೈದು ದಿನ ಹಿಂದೆ, ಕಾರ ಹುಣ್ಣಿಮೆಯಂದು, ಮಗು ನಿಜವಾದ ಎತ್ತುಗಳ ಮೈ ತೊಳೆದು ಬಣ್ಣ ಬಳಿದು ಮೆರೆಸಿದ್ದನ್ನು ಕಂಡಿರುತ್ತದೆ. ಈಗ ಕಂಡದ್ದನ್ನು ಕೈಯಿಂದ ಮಾಡುವ ಸರದಿ. ಒಂದು ಜೋಡಿ ಎತ್ತು, ಮುಂದೊಂದು ಗ್ವಾದಲಿ. ಕಾಲು ನಿಲ್ಲದಿದ್ದರೆ ಮಣ್ಣು ಹೆಚ್ಚು ನೆನೆದಿದೆ ಎಂದರ್ಥ. ಕೋಡು ಸೀಳಿದರೆ ಒಣಗಿದೆ ಎಂದರ್ಥ. ಇದನ್ನು ಯಾರೂ ಪಾಠವಾಗಿ ಹೇಳಿಕೊಡಬೇಕಾಗಿಲ್ಲ. ಮರುದಿನ ಹುಡುಗರು ಕುಂಟೆತ್ತೊಂದನ್ನು ಹೊತ್ತು ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಕೂಡಿದ ಕಾಳಿನಿಂದ ಅಡುಗೆ ಮಾಡಿಸಿಕೊಂಡು ಎಲ್ಲರೂ ಕೂಡಿ ಉಣ್ಣುತ್ತಾರೆ. ಸರಿಯಾದ ಎತ್ತಿಗಿಂತ ಕುಂಟ ಎತ್ತಿಗೇ ಊರೆಲ್ಲ ಮರ್ಯಾದೆ ಸಿಗುವುದು ಈ ಆಟದ ಸೊಗಸು.

ಬಳಿಕ ಆಷಾಢದ ಮಂಗಳವಾರಗಳು ಗುಳ್ಳವ್ವನವು. ಇದು ಹೆಣ್ಣುಮಕ್ಕಳ ಆಟ. ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿ, ಕುಸುಬಿ ಕಾಳುಗಳೇ ಒಡವೆ. ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ಹಿಡಿದು, ಹಸಿ ಮಣ್ಣಿಗೆ ಒತ್ತಿ, ಸಾಲು ತಪ್ಪದಂತೆ ಕೂರಿಸಬೇಕು. ಮುಂದೆ ಅಕ್ಷರ ಬರೆಯುವ ಬೆರಳಿಗೆ ಇದಕ್ಕಿಂತ ಒಳ್ಳೆಯ ಸಾಧನೆ ಇನ್ನೊಂದಿಲ್ಲ. ವಾರಕ್ಕೊಮ್ಮೆ ಹೊಸ ಗುಳ್ಳವ್ವ. ಕಳೆದ ವಾರ ವಕ್ರವಾದ ಮೂಗನ್ನು ಈ ವಾರ ನೆಟ್ಟಗೆ ಮಾಡಲು ಅವಕಾಶವಿದೆ.

ಶ್ರಾವಣದ ನಾಗಪ್ಪ ಹುತ್ತದ ಮಣ್ಣಿನವನು. ಪಂಚಮಿಗೆ ಜೋಕಾಲಿ, ಉಂಡಿ, ಜತೆಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುವ ಕೊಬ್ಬರಿ ಬಟ್ಟಲು. ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ, ಅಷ್ಟಮಿಯಿಂದ ಹುಣ್ಣಿಮೆಯವರೆಗೆ, ಬುಟ್ಟಿಯಲ್ಲಿ ಕುಳಿತು ಮನೆಬಾಗಿಲಿಗೆ ಬರುವ ಜೋಕುಮಾರ. ಬಾಯಿಗೆ ಬೆಣ್ಣೆ ಸವರಿಸಿಕೊಳ್ಳುವ ಈ ಮಳೆಯ ದೇವರನ್ನು ಮಕ್ಕಳು ಮಾಡುವುದಿಲ್ಲ. ಅವರದು ಹೊತ್ತು ತಂದ ಹೆಂಗಸರ ಹಾಡನ್ನು ಕೇಳುವ, ಬುಟ್ಟಿಯ ಹಿಂದೆ ಓಡುವ ಪಾಲು. ಚಂದ್ರಶೇಖರ ಕಂಬಾರರು 1972ರಲ್ಲಿ 'ಜೋಕುಮಾರಸ್ವಾಮಿ' ನಾಟಕ ಬರೆದಾಗ ಕೈಯಿಟ್ಟದ್ದು ಈ ಬುಟ್ಟಿಗೇ.

ಮಳೆ ಹಿಂದೆಗೆದ ಮೇಲೆ ಮಣ್ಣಿನ ಜಾಗಕ್ಕೆ ಬೇರೆ ಸಾಮಗ್ರಿಗಳು ಬರುತ್ತವೆ. ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರು, ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಎರಕ ಹೊಯ್ದ ಸಕ್ಕರೆಯ ಗೊಂಬೆಗಳು. ಆರತಿ ಮುಗಿದ ಮೇಲೆ ಆ ಗೊಂಬೆಗಳು ಮಕ್ಕಳ ಬಾಯಿಗೇ.

ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟರು. ಅವರು ಹೇಳಿದ ಚಟುವಟಿಕೆಗಳಲ್ಲಿ ಮಣ್ಣಿನಿಂದ ಆಕೃತಿ ಮಾಡುವುದೂ ಒಂದು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ, 1939ರಲ್ಲಿ ಮದ್ರಾಸಿಗೆ ಬಂದ ಮಾರಿಯಾ ಮಾಂಟೆಸೊರಿ ಇಬ್ಬರೂ ಒತ್ತಿ ಹೇಳಿದ್ದು ಮಗುವಿನ ಕೈ ಕೆಲಸ ಮಾಡಬೇಕೆಂದೇ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಹಳ್ಳಿಗೆ ಬಂದವು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಆಟ, ಆಟಿಕೆಗಳ ಮೂಲಕವೇ ಕಲಿಕೆ ಎನ್ನುತ್ತದೆ. ಪಡಸಾಲೆಯಲ್ಲಿ ನಡೆದು ಬಂದದ್ದೇ ಸುತ್ತು ಹಾಕಿ ಪುಸ್ತಕದ ಮೂಲಕ ಮರಳಿ ಬಂದಂತಾಗಿದೆ.

ಹಳೆಯದೆಲ್ಲವೂ ಚಿನ್ನವೆಂದು ಇದರ ಅರ್ಥವಲ್ಲ. ಹುಡುಗರಿಗೆ ಎತ್ತು, ಹುಡುಗಿಯರಿಗೆ ಗುಳ್ಳವ್ವ ಎಂಬ ಹಂಚಿಕೆಯಲ್ಲಿ ಹೊಲ ಅವನದು, ಮನೆ ಇವಳದು ಎಂಬ ಪಾಠವೂ ಅಡಗಿತ್ತು. ಮಣ್ಣು ಹದ ಮಾಡಿ ಕೊಡುತ್ತಿದ್ದ ಕುಂಬಾರರ ಮನೆಗೆ, ಜೋಕುಮಾರನನ್ನು ಹೊರುವ ಹೆಂಗಸರ ಮಡಿಲಿಗೆ ಬೀಳುತ್ತಿದ್ದುದು ಮೊರದ ಕಾಳು ಮಾತ್ರ. ಆಟ ಎಲ್ಲ ಮಕ್ಕಳದಾದರೂ ಬಿಡುವು ಎಲ್ಲ ಮಕ್ಕಳಿಗೂ ಇರಲಿಲ್ಲ. ಕೂಲಿಗೆ ಹೋಗುವ ತಾಯಿಯ ಹಿಂದೆ ಹೋದ ಮಗುವಿಗೆ ಹಬ್ಬವೂ ಕೆಲಸದ ದಿನವೇ.

ಆದರೂ ಒಂದು ಮಾತು ಉಳಿಯುತ್ತದೆ. ಈ ಆಟಗಳು ಐವತ್ತು ವರ್ಷದ ಬಳಿಕವೂ ನೆನಪಿನಲ್ಲಿ ನಿಲ್ಲುತ್ತವೆ, ಏಕೆ? ಮಾಡಿದ ವಸ್ತು ಉಳಿಯುವುದಿಲ್ಲ. ಎತ್ತು ಮಾಳಿಗೆಯ ಮೇಲೆ ಮಳೆಗೆ ಕರಗುತ್ತದೆ, ಗಣಪ ನೀರಿಗೆ ಹೋಗುತ್ತಾನೆ, ಸಕ್ಕರೆ ಗೊಂಬೆ ಹೊಟ್ಟೆಗೆ ಹೋಗುತ್ತದೆ. ಉಳಿಯುವುದು ಮಾಡಿದ ಹೊತ್ತು. ಅದಕ್ಕೆ ನಿಗದಿಯಾದ ದಿನವೊಂದಿತ್ತು, ಆದ್ದರಿಂದ ಮಗು ಕಾಯುತ್ತಿತ್ತು. ಪಕ್ಕದಲ್ಲಿ ಅಜ್ಜಿಯೋ ಅವ್ವನೋ ಕುಳಿತಿರುತ್ತಿದ್ದರು. ಮಾಡಿದ್ದನ್ನು ನೋಡಲು ಓಣಿಯಿತ್ತು. ಖರ್ಚು ಏನೂ ಇರಲಿಲ್ಲ.

ಧಾರವಾಡ ಜಿಲ್ಲೆಯಿಂದ ಬೇರೆಯಾಗಿ 1997ರಲ್ಲಿ ಹಾವೇರಿ ಜಿಲ್ಲೆ ರೂಪುಗೊಂಡ ಮೇಲೆ ಈ ಭಾಗದ ಪಟ್ಟಣಗಳು ಬೆಳೆದಿವೆ. ಹೊಲಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಅಂಗಳಗಳು ಸಿಮೆಂಟ್ ಕಂಡಿವೆ. ಅಮಾವಾಸ್ಯೆಯ ಹಿಂದಿನ ದಿನ ಸಂತೆಯಲ್ಲಿ ಬಣ್ಣ ಹಚ್ಚಿದ ಜೋಡಿ ಎತ್ತು ಸಿದ್ಧವಾಗಿಯೇ ಸಿಗುತ್ತವೆ. ಪೂಜೆಗೆ ಇದರಿಂದ ಕೊರತೆಯಿಲ್ಲ. ಕೊರತೆಯಾಗುವುದು ಮಗುವಿಗೆ, ಪೂಜೆ ನಡೆದರೂ ಆಟ ನಡೆಯುವುದಿಲ್ಲ.

ಇದನ್ನು ಮರಳಿ ತರಲು ದೊಡ್ಡ ವ್ಯವಸ್ಥೆ ಬೇಕಿಲ್ಲ. ಕೊಂಡ ಜೋಡಿಯ ಪಕ್ಕದಲ್ಲಿ ಮಗು ಮಾಡಿದ ಮೂರನೆಯ ಎತ್ತಿಗೂ ಜಾಗ ಕೊಟ್ಟರೆ ಸಾಕು. ಹಿಡಿ ಮಣ್ಣು, ಹಳೆಯ ತಟ್ಟೆ, ಒಂದು ಲೋಟ ನೀರು, ನಾಲ್ಕು ಕಾಳು. ಅರ್ಧ ಗಂಟೆ ದೊಡ್ಡವರೊಬ್ಬರು ಜತೆಗೆ ಕೂಡಬೇಕು. ಗುಳ್ಳವ್ವನನ್ನು ಹುಡುಗನೂ ಮಾಡಲಿ, ಎತ್ತನ್ನು ಹುಡುಗಿಯೂ ಮಾಡಲಿ. ವಕ್ರವಾದುದನ್ನು ದೊಡ್ಡವರು ತಿದ್ದಬಾರದು. ಕುಂಟೆತ್ತಿಗೂ ಈ ಸೀಮೆಯಲ್ಲಿ ಊರೆಲ್ಲ ಜೋಳ ನೀಡಿದೆ.