ಮಾತ್ಲಾ ದಡದ ರೈಲು ಕಂಪನಿ, 1862–1868

ಕಲ್ಕತ್ತಾ ಅಂಡ್ ಸೌತ್ ಈಸ್ಟರ್ನ್ ರೈಲ್ವೆ ಕಂಪನಿ ರೈಲು ಓಡಿಸಿದ್ದು ಆರೇಳು ವರ್ಷ ಮಾತ್ರ. ಕಲ್ಕತ್ತೆಯಿಂದ ಮಾತ್ಲಾ ನದಿದಡದ ಪೋರ್ಟ್ ಕ್ಯಾನಿಂಗ್‌ವರೆಗೆ 28 ಮೈಲಿ, ಅಷ್ಟೇ ಅದರ ಹಾದಿ. 1867ರ ಚಂಡಮಾರುತವೇ ಅದನ್ನು ಮುಳುಗಿಸಿತೆಂದು ಹೇಳುವುದುಂಟು. ಗಾಳಿಗಿಂತ ಕರಾರುಪತ್ರದತ್ತ ನೋಡಬೇಕೆಂದು ನನಗನ್ನಿಸುತ್ತದೆ.

ಹೂಗ್ಲಿ ನದಿಯಲ್ಲಿ ಹೂಳು ತುಂಬಿ ಕಲ್ಕತ್ತಾ ಬಂದರು ಕೆಡುತ್ತಿದೆಯೆಂದು ವರ್ತಕರು ದೂರಿಕೊಂಡಾಗ, 1853ರಲ್ಲಿ ಸರ್ಕಾರ ಸುಂದರಬನದ ಅಂಚಿನಲ್ಲಿ ಬದಲಿ ಬಂದರಿಗೆಂದು ಜಮೀನು ಕೊಂಡಿತು. ಚಂಡಮಾರುತಗಳ ಅಧ್ಯಯನಕ್ಕೆ ಹೆಸರಾಗಿದ್ದ ಹೆನ್ರಿ ಪಿಡಿಂಗ್ಟನ್ ಅದೇ ವರ್ಷ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು, ಬಿರುಗಾಳಿಯ ಜೊತೆ ನುಗ್ಗುವ ಸಮುದ್ರ ಆ ಊರನ್ನು ಬಿಡುವುದಿಲ್ಲವೆಂದು ಎಚ್ಚರಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1867ರ ನವೆಂಬರ್ 1ರಂದು ಸುಮಾರು ಆರು ಅಡಿ ನೀರು ಊರೊಳಗೆ ನುಗ್ಗಿತು. ಸ್ಟೇಷನ್ ಕಟ್ಟಡ, ಸರಕಿನ ಷೆಡ್ಡು, ರೈಲ್ವೆ ಹೋಟೆಲು ನೆಲಕ್ಕುರುಳಿದವು. ಕುಡಿಯುವ ನೀರಿನ ಕೆರೆಗಳು ಉಪ್ಪಾದವು. ಪಿಡಿಂಗ್ಟನ್ ತೀರಿಕೊಂಡು ಆಗಲೇ ಒಂಬತ್ತು ವರ್ಷವಾಗಿತ್ತು.

ಆದರೆ ಹಡಗುಗಳು ಅದಕ್ಕೂ ಮೊದಲೇ ಬೇಕಾದಷ್ಟು ಬರುತ್ತಿರಲಿಲ್ಲ. ಉಗಿದೋಣಿಗಳು ಹಡಗುಗಳನ್ನು ಎಳೆದೊಯ್ಯತೊಡಗಿದ್ದರಿಂದ ಹೂಗ್ಲಿ ಅಂದುಕೊಂಡಷ್ಟು ಕೆಟ್ಟಿರಲಿಲ್ಲ. ವರ್ತಕರ ಗೋದಾಮು, ಬ್ಯಾಂಕು, ದಲ್ಲಾಳಿಗಳೆಲ್ಲ ಇದ್ದದ್ದು ಕಲ್ಕತ್ತೆಯಲ್ಲೇ. ಬಂದರೇ ಕುದುರದಿದ್ದ ಮೇಲೆ ರೈಲಿಗೆ ಸರಕು ಎಲ್ಲಿಂದ ಬರಬೇಕು?

ಇಲ್ಲಿ ಕರಾರು ಕೆಲಸಕ್ಕೆ ಬಂತು. ಅಂದಿನ ಗ್ಯಾರಂಟಿ ಕಂಪನಿಗಳಿಗೆ ಸರ್ಕಾರ ಜಮೀನನ್ನು ಪುಕ್ಕಟೆ ಕೊಟ್ಟು, ಹೂಡಿದ ಬಂಡವಾಳಕ್ಕೆ ಸಾಮಾನ್ಯವಾಗಿ ಶೇ. 5 ಬಡ್ಡಿಯ ಭರವಸೆಯನ್ನೂ ಕೊಡುತ್ತಿತ್ತು. ಜೊತೆಗೊಂದು ಷರತ್ತು: ಆರು ತಿಂಗಳ ನೋಟಿಸು ಕೊಟ್ಟರೆ ಕಂಪನಿ ಹಾದಿಯನ್ನು ಸರ್ಕಾರಕ್ಕೆ ಒಪ್ಪಿಸಿ, ಹಾಕಿದ ದುಡ್ಡನ್ನು ಹಿಂಪಡೆಯಬಹುದಿತ್ತು. 1868ರಲ್ಲಿ ಈ ಕಂಪನಿ ಹಾದಿಯನ್ನು ಬಿಟ್ಟುಕೊಟ್ಟಿತು. ನಷ್ಟದ ಹೊರೆ ಖಜಾನೆಯ ಮೇಲೆ, ಅಂದರೆ ಕಂದಾಯ ಕಟ್ಟುವ ರೈತನ ಮೇಲೆ ಬಿತ್ತು.

ಪಕ್ಕದಲ್ಲೇ ಇದ್ದ ಪೋರ್ಟ್ ಕ್ಯಾನಿಂಗ್ ಕಂಪನಿಯ ಗತಿ ಬೇರೆ. 1865ರಲ್ಲಿ ಹುಟ್ಟಿದ ಅದರ ಷೇರುಗಳಿಗೆ ಹತ್ತಿಯ ದುಡ್ಡಿನ ಅಮಲಿನಲ್ಲಿದ್ದ ಬೊಂಬಾಯಿ ಮುಗಿಬಿದ್ದಿತ್ತು. ಅದಕ್ಕೆ ಇಂಥ ಗ್ಯಾರಂಟಿ ಇರಲಿಲ್ಲ. ಬೆಲೆ ಕುಸಿದಾಗ ಕೊಂಡವರ ಕೈಗೆ ಉಳಿದದ್ದು ಕಾಗದ. ರೈಲು ಹಾದಿಯನ್ನು ಮಾತ್ರ ಸರ್ಕಾರ ನಡೆಸುತ್ತ ಬಂತು, 1887ರಲ್ಲಿ ಈಸ್ಟರ್ನ್ ಬೆಂಗಾಲ್ ಸ್ಟೇಟ್ ರೈಲ್ವೆಗೆ ಸೇರಿಸಿತು.